ಛಾಟ್

ಮುಲ್ಲಾರ ಶಿರಾಜ, ಮೊಬೈಲ್ ಬಿಚ್ಚೂ ಟೇಬಲ್ ಮ್ಯಾಲ
ಅರಿವಿ ಹಾಸಿ ಇಟ್ಟ, ಹಸಗೂಸ ಮಲಗಿಸಿದಂಗ.
"ಗೋವಾದಿಂದ ಬಂದದ್ದು ಕಾಕಾ, ಯಾರ ಮುಂದೂ ಅನಬ್ಯಾಡ್ರಿ,
ಇದನ್ನ ಮಾರೂದು ನಮ್ಮ ದೇಶದಾಗ ಬಂದ್ ಐತಿ."
ನಿಪ್ಪಾಣ್ಯಾಗ ಇಂಥಾದ್ದೊಂದು ಬಂದ್ ಇರೂದು
ನಾ ಕೇಳಿದ್ದ ಅದ ಮೊದಲು.
ಇಲ್ಲಿ ರಾತ್ರಿ ಗೋದಾಮಿನ ಬಾಗಲಾ ಬಂದ್ ಆಗತಾವ,
ತಂಬಾಕಿನ ವಾಸನಿ ಆಗಂಗಿಲ್ಲ.

ಮೂವತ್ತೊಂದ ವರ್ಷ ನಾ ಬೀಡಿ ಚೆಕ್ಕರ್.
ಕಟ್ಟಿ ತಂದ ಸಾವಿರದಾಗ ಬೆರಳಾಡಿಸಿ
ಸಡ್ಲ ಇದ್ದದ್ದು, ಬಾಯಿ ಬಿಟ್ಟದ್ದು, ಎಲಿ ಹರದದ್ದು
ಆರಿಸಿ ಒಗದು, ಛಾಟ್ ಅಂತಿದ್ದೆ.
ಛಾಟ್ ಆದದ್ದಕ್ಕ ಮಜೂರಿ ಇಲ್ಲ.
ಆ ಒಗದದ್ದನ್ನ ಸಂಜೀಕ ನಾನ ಸೇದತಿದ್ದೆ.

ಈಗ ಎದಿ ಫೋಟೋ ಬೆಳಕಿಗೆ ಹಿಡದು
ಡಾಕ್ಟರ್ ಬಿಡ್ರಿ ಅಂದಾರ.
ಬಿಡ್ರಿ ಅನ್ನೂದು ಎರಡ ಅಕ್ಷರ.
ಬೀಡಿ ಅನ್ನೂದೂ ಎರಡ.

ಶಿರಾಜ ಮುಚ್ಚಳಾ ತಗದ. ಒಳಗ ಎರಡು ಬ್ಯಾಟರಿ,
ಬಗಲಿಗೆ ಬಗಲ ಹಚ್ಚಿ,
ಒಂದರ ತಲಿ ಮ್ಯಾಲ, ಇನ್ನೊಂದರದು ಕೆಳಗ.
"ಇವು ಲಗ್ನ ಆದಾವ ಕಾಕಾ.
ಒಂದ ದಿನ ಕೊಂಡದ್ದು, ಕೂಡೇ ಚಾರ್ಜ್, ಕೂಡೇ ಖಾಲಿ.
ಒಂದು ಹಳೇದು ಒಂದು ಹೊಸಾದು ಹಾಕಿದ್ರ
ಸೊರಗಿದ್ದು ಹುರುಪಿನದರ ಜೋಡಿ ಓಡಲಾರದ ಕಾಯತದ,
ಒಮ್ಮೊಮ್ಮೆ ಸಿಡೀತದ."
ನಾ ಏನೂ ಅನ್ನಲಿಲ್ಲ.

ಟ್ಯಾಂಕಿನ ಗಾಜಿನಾಗ ರಸಾ ಬಿಟ್ಟ, ಕಿವ್ಯಾಗ ಎಣ್ಣಿ ಬಿಟ್ಟಂಗ.
ಹತ್ತ ಮಿನಿಟ ತಡೀರಿ, ಒಳಗಿನ ಹತ್ತಿ ಕುಡೀಬೇಕು, ಅಂದ.
ನಾ ತಡೀಲಿಲ್ಲ.
ಗುಂಡಿ ಒತ್ತಿ ಎಳದೆ. ಸುಟ್ಟ ಅರಿವಿ ರುಚಿ,
ಗಂಟಲಾಗ ಯಾರೋ ಇಸ್ತ್ರಿ ಮರತ ಹೋದಂಗ.

ಮನಿಗೆ ಬಂದೆ. ಚಾ ಕುದ್ಯೂ ತನ ಕುಂತು
ಮತ್ತ ಎಳದೆ.
ಈ ಸಲ ಬಂತು:
ಹೊಗಿ ಅಲ್ಲ, ಅನ್ನದ ಗಡಗಿ ಮುಚ್ಚಳಾ ತಗದಂಗ ಉಗಿ,
ಅದಕ್ಕ ಮಾವಿನ ಹಣ್ಣಿನ ವಾಸನಿ, ಅದೂ ಪುಷ್ಯ ಮಾಸದಾಗ.
ರೂಢಿ ಪ್ರಕಾರ ಬೆರಳಿಲೆ ತಟ್ಟಿದೆ.
ಬೂದಿ ಇಲ್ಲ. ಆರೂದಿಲ್ಲ. ಮುಗ್ಯೂದಿಲ್ಲ.
ಬೀಡಿ ಮಾತಿನ ನಡಕ ಬಾಯಾಗ ಆರತಿತ್ತು,
ಕಡ್ಡಿ ಕೇಳಾಕಂತ ಮತ್ತೊಬ್ಬರ ಕಡೆ ತಿರಗಬೇಕಾಗತಿತ್ತು.
ಅರ್ಧಾ ಊರಿನ ಗುರ್ತು ನನಗ ಆದದ್ದ ಹಂಗ.
ಇದಕ್ಕ ಯಾರೂ ಬ್ಯಾಡ.

ಅಕ್ಕಾತಾಯಿ ಮರಾ ತೊಡಿ ಮ್ಯಾಲ ಇಟಗೊಂಡು ಎಲಿ ಕತ್ತರಸ್ತಿದ್ಲು.
ಜನ್ಮದಾಗ ಒಂದ ಬೀಡಿ ಸೇದಿಲ್ಲ,
ಕೆಮ್ಮು ನನಗಿಂತ ದೊಡ್ಡದು.
ಲಗ್ನಕ್ಕಿಂತ ಮೊದಲ ಆಕಿ ಕಟ್ಟಿದ್ದು ನನ್ನ ಮುಂದ ಬರತಿತ್ತು.
ಒಂದ ದಿನ ನಲವತ್ತು ಛಾಟ್ ಮಾಡಿದೆ. ಮಾಲಕ ಬಾಜೂಕ ನಿಂತಿದ್ದ.
ಅದರಾಗ ಮೂವತ್ತು ಚಲೋನ ಇದ್ದುವು.
ಆಕಿಗೆ ಗೊತ್ತಿತ್ತು.
ಗೊತ್ತಿತ್ತು ಅನ್ನೂದು ನನಗೂ ಗೊತ್ತಿತ್ತು.

"ತಾ ಇಲ್ಲೆ" ಅಂದ್ಲು.
ಅಂಗೈಯಾಗ ತೂಗಿದ್ಲು, ತುದಿ ಹಿಚುಕಿದ್ಲು,
ಬಾಯಿ ಕಡೆ ತಿರುವಿ ಒಂದ ಕಣ್ಣಿಲೆ ಇಣುಕಿದ್ಲು.
ಈ ಕೆಲಸ ಆಕಿ ಯಾವಾಗ ಕಲತ್ಲು?
"ಎಲಿ ಇಲ್ಲ, ದಾರಾ ಇಲ್ಲ. ಇದನ್ನ ಯಾರ ಕಟ್ಯಾರ?"
ಯಾರೋ ಕಟ್ಟಿರಬೇಕು. ನನಗ ಗೊತ್ತಿಲ್ಲ ಅಂದೆ.
"ಛಾಟ್" ಅಂದು
ಕತ್ತರಿಸಿದ ಎಲಿ ಚೂರಿನಾಗ ಒಗದ್ಲು.

ಒಂಬತ್ತಕ್ಕ ಕರೆಂಟ್ ಹೋತು.
ಬ್ಯಾಟರಿ ಎರಡೂ ಬಿಚ್ಚಿ ಟಾರ್ಚಿಗೆ ಹಾಕಿದೆ, ಅಳತಿ ಕೂಡತು.
ಉಳದ ನೂರಾ ಇಪ್ಪತ್ತು ಕಟ್ಟೂ ತನ ಬೆಳಕ ಹಿಡದೆ.
ಒಂದು ಸಡ್ಲ ಇತ್ತು.
ನೋಡಿದೆ. ಬಿಟ್ಟೆ.
ಆಕಿ ಕೆಮ್ಮಿದ್ಲು, ಹಿಂದಿಂದ ನಾನೂ,
ಗ್ವಾಡಿ ಮ್ಯಾಲಿನ ಬೆಳಕು ಅಷ್ಟ ಹೊತ್ತು ಅಲಗಾಡತಿತ್ತು.