ಮೊಲ ಹೇಳಿದ್ದು

ನೈರೋಬಿಯಿಂದ ಬಂದಿದ್ದ ಮುತಿಸೊ, ಬಗಲಲ್ಲಿ ನೀಲಿ ಕಡತ.
"ಉದ್ಘಾಟನೆಯ ಸಂಜೆಗೆ ಏನೇನಿರಬೇಕು?
ದೇಶ ನಿಮ್ಮದು, ನೀವೇ ಹೇಳಿ" ಎಂದ.
ಇತೆನ್ ಊರು, ಚರ್ಚಿನ ಹಿಂದಿನ ತಗಡಿನ ಕೋಣೆ,
ನಲವತ್ತು ಕುರ್ಚಿ, ಅರವತ್ತು ಜನ,
ಕೆಟಲಿನಲ್ಲಿ ಹಾಲು ಹೆಚ್ಚಾದ ಚಹಾ.

ಸಿಂಹ ಇರಲಿ ಅಂದರು ಯಾರೋ.
ಸಿಂಹ ಎಲ್ಲ ಹೋಟೆಲಿನ ಗೋಡೆಯ ಮೇಲೂ ಇದೆ, ಬಿಡಿ, ಅಂದರು ಇನ್ನಾರೋ.
ನೆಗೆನೆಗೆದು ಕುಣಿಯುವ ಮಾಸಾಯಿಗಳು?
"ನಮ್ಮ ಭಾವ ಮಾಸಾಯಿ, ಅವನಿಗೆ ಮಂಡಿನೋವು."
ಕೋಣೆಯೆಲ್ಲ ನಗು.
ಎರಡು ಸಾವಿರ ಡ್ರೋನು, ಆಕಾಶದಲ್ಲಿ ಜಿರಾಫೆ.
ತಪ್ರಂದಿಚ್ ಅಜ್ಜಿ ಕೋಲೂರಿ ಎದ್ದಳು:
"ಬಂದವರಿಗೆ ಮೊದಲು ಹಾಲು ಕೊಡಿ,
ಬುರುಡೆಗೆ ಇದ್ದಿಲು ತೀಡಿ ಹುಳಿಗಟ್ಟಿಸಿದ ಹಾಲು.
ಹೊಟ್ಟೆ ತಣ್ಣಗಾಗದೆ ಕುಣಿತ ನೋಡುವವರು ಯಾರು?"
ಮುತಿಸೊ ಬರೆದುಕೊಂಡ: ಹಾಲು.
ಮುಂದೆ ಒಂದು ಪ್ರಶ್ನೆಚಿಹ್ನೆ.

ಆಮೇಲೆ ನಾನು ಎದ್ದೆ.

ನನ್ನ ಹೆಸರು ಕಿಪ್ಸಿರೊರ್.
ಹದಿಮೂರು ವರ್ಷ ಮ್ಯಾರಥಾನ್ ಓಡಿದ್ದೇನೆ.
ಒಂದನ್ನೂ ಮುಗಿಸಿಲ್ಲ.
ಮೊಲ ಅನ್ನುತ್ತಾರೆ ನಮ್ಮನ್ನು.
ಮರದಡಿ ನಿದ್ದೆ ಹೋದ ಕತೆಯ ಮೊಲವಲ್ಲ,
ಎಚ್ಚರವಾಗಿದ್ದೇ ಸೋಲಬೇಕಾದ ಮೊಲ.
ಕಿಲೋಮೀಟರಿಗೆ ಮೂರು ನಿಮಿಷ,
ಸೆಕೆಂಡು ಹೆಚ್ಚಬಾರದು, ತಗ್ಗಬಾರದು;
ಎದುರುಗಾಳಿಯನ್ನು ಎದೆಯಿಂದ ಸೀಳುತ್ತ,
ಬೆನ್ನ ಹಿಂದೆ ಬರುವವನ ಉಸಿರು ಎಣಿಸುತ್ತ
ಮೂವತ್ತನೆಯ ಕಿಲೋಮೀಟರಿನ ಫಲಕದ ಹತ್ತಿರ
ಬಲಕ್ಕೆ ಸರಿದು ನಿಲ್ಲಬೇಕು.
ಅಷ್ಟೇ ಒಪ್ಪಂದ. ಅಷ್ಟಕ್ಕೇ ದುಡ್ಡು.

ರಾಟರ್‌ಡ್ಯಾಮಿನಲ್ಲಿ ಒಮ್ಮೆ ಹಾಗೆ ಸರಿದು ನಿಂತಾಗ
ನಮ್ಮನ್ನು ಒಯ್ಯುವ ವ್ಯಾನು ಬರಲೇ ಇಲ್ಲ.
ಒದ್ದೆ ಬನಿಯನ್ನಿನಲ್ಲಿ ಟ್ರಾಮು ಹತ್ತಿದೆ.
ಟಿಕೆಟ್ ಕೇಳಿದಳು ಒಬ್ಬಳು. ಚಡ್ಡಿಗೆ ಜೇಬಿಲ್ಲ.
ಎದುರು ಕೂತ ಮುದುಕನ ಮೊಬೈಲಿನಲ್ಲಿ
ನನ್ನ ಬೆನ್ನ ಹಿಂದಿದ್ದವನು ಗೆರೆ ದಾಟಿ
ರಸ್ತೆಗೆ ಹಣೆ ಹಚ್ಚುತ್ತಿದ್ದ.
ನಿಮ್ಮವನಾ? ಸನ್ನೆಯಲ್ಲಿ ಕೇಳಿದ ಮುದುಕ.
ತಲೆಯಾಡಿಸಿದೆ.
ಟಿಕೆಟಿಗೆ ಅವನೇ ದುಡ್ಡು ಕೊಟ್ಟ.

ಒಲಿಂಪಿಕ್ಸಿನಲ್ಲಿ ಮೊಲಗಳಿಗೆ ಜಾಗವಿಲ್ಲ, ನಿಮಗೆ ಗೊತ್ತು.
ಅಲ್ಲಿ ಅವರವರ ಗಾಳಿ ಅವರವರೇ ಸೀಳಿಕೊಳ್ಳಬೇಕು.
ಸರಿಯೇ ಅದು.
ಅದಕ್ಕೇ ಕೇಳುತ್ತಿದ್ದೇನೆ, ಮೊದಲ ಸಂಜೆಯಲ್ಲಾದರೂ

ದೀಪ ಆರಿಸಿ. ಎಲ್ಲವನ್ನೂ. ಜಾಹೀರಾತಿನ ಹಲಗೆಗಳನ್ನೂ.
ಇಲ್ಲಿಯ ಬೆಳಗಿನ ಐದೂವರೆಯ ಕತ್ತಲನ್ನು ಅಲ್ಲಿಗೆ ತನ್ನಿ,
ಓಟದ ಪಟ್ಟಿಯ ಮೇಲೆ ನಮ್ಮ ಕೆಮ್ಮಣ್ಣು, ಬೆರಳು ಹುಗಿಯುವಷ್ಟು.
ಹಾಡು ಬೇಡ, ಡೋಲು ಬೇಡ.
ನೂರು ಜನ ಓಡಲಿ:
ಕೂದಲೆಳೆಯಲ್ಲಿ ನಾಲ್ಕನೆಯವಳಾದ ಜೆಮುಟೈ,
ಹರಿದ ಬೂಟಿಗೆ ಅಂಟು ಹಚ್ಚಿಕೊಡುವ ಒಮೊಂಡಿ,
ನೀರಿನ ಬಾಟಲಿ ಕಟ್ಟಿಕೊಂಡು ಸೈಕಲ್ಲಿನಲ್ಲಿ ಹಿಂದೆ ಬರುವ ಆ ಹುಡುಗ,
ಅವನಿಗೂ ಓಡಲು ಬರುತ್ತದೆ, ಯಾರೂ ಕೇಳಿಲ್ಲ.
ಅರವತ್ತು ಸಾವಿರ ಜನಕ್ಕೆ ಏನೂ ಕಾಣದಿರಲಿ,
ಹೆಜ್ಜೆ ಮಾತ್ರ ಕೇಳಲಿ.
ಕುದಿಯುವ ಕಾಳಿನ ಮೇಲೆ ಮುಚ್ಚಳ ಕುಣಿದ ಹಾಗೆ ಮೊದಲು,
ಆಮೇಲೆ ಮಳೆ ಗುಡ್ಡ ಇಳಿದು ಬಂದ ಹಾಗೆ,
ಆಮೇಲೆ, ಹೊರಗಿನದು ಯಾವುದು
ತಮ್ಮೆದೆಯದು ಯಾವುದು ತಿಳಿಯದ ಹಾಗೆ.

ಇನ್ನು ಆ ಜ್ಯೋತಿ.
ನನ್ನ ಕೈಗೇ ಕೊಡಿ ಅನ್ನುತ್ತಿಲ್ಲ. ಅಂದರೂ ತಪ್ಪಿಲ್ಲ.
ಕೊಟ್ಟರೆ ಕೊನೆಯ ಮೆಟ್ಟಿಲಿನವರೆಗೆ ಮಾತ್ರ ಸಾಕು.
ಅಲ್ಲಿ ಸರಿದು ನಿಲ್ಲುವುದು ಹೇಗೆಂದು
ಈ ದೇಶದಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಮುತಿಸೊ ಪೆನ್ನಿನ ತುದಿ ಕಚ್ಚಿದ.
"ಕತ್ತಲು ಟೀವಿಯಲ್ಲಿ ಕಾಣುವುದಿಲ್ಲವಲ್ಲ" ಅಂದ,
ಮೆಲ್ಲಗೇ ಅಂದ, ಕೆಟ್ಟವನಲ್ಲ.
ಡ್ರೋನಿನ ಕೆಳಗೆ ಗೆರೆ ಎಳೆದ.
ನನ್ನ ಹೆಸರನ್ನು ಎರಡು ಸಲ ಕೇಳಿ ಬರೆದುಕೊಂಡ.

ಹೊರಗೆ ಅವನ ಜೀಪು ಮಿಸುಕಲಿಲ್ಲ.
ಏಳೆಂಟು ಜನ ಹಿಂದಿನಿಂದ ಕೈ ಕೊಟ್ಟೆವು,
ಚರ್ಚಿನ ಇಳಿಜಾರು, ಎದುರಿಗೆ ಕೆರಿಯೊ ಕಣಿವೆಯ ಬೆಳಕು.
ಇಂಜಿನ್ನು ಕೆಮ್ಮಿತು, ಹಿಡಿಯಿತು.
ಕೈ ಬಿಟ್ಟು, ಬಲಕ್ಕೆ ಸರಿದು ನಿಂತೆವು.
ಧೂಳು.
ಅಜ್ಜಿ ಇನ್ನೂ ಕೂಗುತ್ತಿದ್ದಳು:
"ಹಾಲು! ಮರೀಬೇಡ!"