ಏಳು ನಿಮಿಷ

ಹಲ್ ಊರಿನ ಸರ್ವರು ಗ್ರಿಮ್ಸ್‌ಬಿಯದರೊಡನೆ
ಮೂರು ವಾರದಿಂದ ಮಾತು ಬಿಟ್ಟಿದೆ.
ಕೇಬಲ್ ಸರಿಯಿದೆ. ಪಿಂಗ್ ಮಾಡಿದರೆ ಓಗೊಡುತ್ತದೆ,
ಒಳಗಿಂದಲೇ, ಚಿಲಕ ತೆಗೆಯದೆ.

ಎತ್ತು ಏರಿಗೆ, ಕೋಣ ನೀರಿಗೆ.
ಇಲ್ಲಿ ನಾನೇ ಅಳಿಸಿದ ಮೊರೀನ್ ಔತ್‌ವೇಟ್
ಅಲ್ಲಿನ್ನೂ ಮೀನಿನ ಲೆಕ್ಕ ಬರೆಯುವವಳು;
ಪಾಸ್‌ವರ್ಡಿಗೆ ಹನ್ನೊಂದು ದಿನದ ಆಯಸ್ಸು ಬಾಕಿ.
ಅವಳ ಮಣ್ಣಿಗೆ ಹೋಗಿದ್ದೆ. ಗಾಳಿಗೆ
ಪಾದ್ರಿಯ ಮಾತು ಅರ್ಧ ಕೇಳಿಸಲಿಲ್ಲ.

ರಾತ್ರಿ ಎರಡಕ್ಕೆ ಸಿಕ್ಕಿತು:
ಗ್ರಿಮ್ಸ್‌ಬಿಯ ಗಡಿಯಾರ ಏಳು ನಿಮಿಷ ಹಿಂದೆ.
ಐದು ದಾಟಿದರೆ ಇವು
ಒಂದನ್ನೊಂದು ನಂಬುವುದಿಲ್ಲ.

ತಿದ್ದಿದೆ.
ಹಂಬರ್ ನದಿ ದಾಟಿ ಹೊರಟವು
ತಡೆದು ನಿಂತಿದ್ದ ಸುದ್ದಿಗಳು:
ಹೊಸ ಪ್ರಿಂಟರು, ಇಬ್ಬರು ಹೊಸಬರು,
ಯಾರದೋ ಮದುವೆಯಾಗಿ ಬದಲಾದ ಅಡ್ಡಹೆಸರು.

ಅವಳ ಸಾಲು ಬರುವ ಮುನ್ನ
ಎದ್ದು ಟೀಗೆ ನೀರಿಟ್ಟೆ.