ಗಾಳಿಯ ಕಾಲಂ

ಮುಜಮ್ಮಿಲ್ ದಿನಕ್ಕೆ ಸರಾಸರಿ ಹದಿನಾಲ್ಕು ಸಲ
ಕಿವಿಗೆ ಹೊಡೆದುಕೊಳ್ಳುತ್ತಾನೆ.
ವರದಿಯಲ್ಲಿ ಹೀಗೆ ಬರೆದು, ಕೆಳಗೆ ಗೆರೆ ಎಳೆದು,
ಸಹಿ ಹಾಕುವಾಗ ಪೆನ್ನು ತಡೆಯಿತು:
ಹದಿನಾಲ್ಕು ಸಲ ಹೊಡೆದುಕೊಂಡ ದಿನ
ಈ ಇಪ್ಪತ್ತರಲ್ಲಿ ಒಂದೂ ಇಲ್ಲ.

ಎರಡು, ಮೂರು, ಸೊನ್ನೆ, ಮತ್ತೆ ಎರಡು.
ಆಮೇಲೆ ಇಪ್ಪತ್ತೊಂಬತ್ತು. ಮೂವತ್ತೆರಡು.
ಸರಾಸರಿ ಅನ್ನುವುದು
ಯಾರೂ ವಾಸವಿಲ್ಲದ ಮನೆಯ ಬಾಗಿಲ ನಂಬರು;
ಪೋಸ್ಟಿನವನು ಮಾತ್ರ ದಿನಾ ಹೋಗಿ ಬರುತ್ತಾನೆ.

ಕಂಪ್ಯೂಟರಿಗೆ ಹಾಕಿದೆ. ತೆರೆಯ ಮೇಲೆ ಎರಡು ಗುಡ್ಡ ಎದ್ದವು:
ಎಡಕ್ಕೆ ಬಾತಿ ಗುಡ್ಡದಂಥದೊಂದು,
ಬಲಕ್ಕೆ ಅದರ ಮರಿ,
ನಡುವೆ ಬಯಲು. ಆ ಬಯಲಲ್ಲಿ
ನನ್ನ ಹದಿನಾಲ್ಕು ಒಂಟಿಯಾಗಿ ನಿಂತು ಬೆವರುತ್ತಿತ್ತು.

ನಿದ್ದೆ ಎಷ್ಟು ಗಂಟೆ, ನಾಷ್ಟಾ ಏನು,
ಮಾತ್ರೆ ನುಂಗಿದನೋ ಉಗಿದನೋ,
ಅವತ್ತು ಯಾವ ಟೀಚರು, ಯಾವ ಬಣ್ಣದ ಅಂಗಿ,
ಒಂದೊಂದನ್ನೂ ಕರೆತಂದು ಎಣಿಕೆಯ ಎದುರು ಕೂರಿಸಿದೆ,
ಹೆಣ್ಣು ತೋರಿಸುವ ಶಾಸ್ತ್ರದ ಹಾಗೆ.
ಯಾವುದೂ ಕೂಡಿಬರಲಿಲ್ಲ. ಪಿ ಮೌಲ್ಯ ಪಾಯಿಂಟ್ ಆರು, ಪಾಯಿಂಟ್ ನಾಲ್ಕು.
ಅಂದರೆ, ಬರೀ ಕಾಕತಾಳೀಯ ಎಂದರೂ ನಡೆದೀತು.

ಹಾಲಮ್ಮ ನಮ್ಮ ಆಯಾ. ಓದಿದ್ದು ಮೂರನೇ ಇಯತ್ತೆ.
ಅವನು ಹೊಡೆದುಕೊಂಡಾಗೆಲ್ಲ ಒಂದು ಹುಣಸೆಬೀಜ
ಹಾರ್ಲಿಕ್ಸ್ ಬಾಟಲಿಗೆ, ಟಣ್.
ನಾನು ಹಾಳೆಯಲ್ಲಿ ಗೀಟು ಹಾಕುತ್ತೇನೆ. ಸಂಜೆ ಎರಡನ್ನೂ ತಾಳೆ ನೋಡುತ್ತೇವೆ.
"ಇದಕ್ಕೆ ಕಪ್ಪಾ ಅಂತಾರೆ" ಎಂದೆ ಒಮ್ಮೆ.
"ಮಳಿಗಾಲದ ಕಪ್ಪಿ?"
"ಅಲ್ಲ, ನಿನ್ನ ಕಣ್ಣು, ನನ್ನ ಕಣ್ಣು ಒಂದನ್ನೇ ಕಂಡವಾ ಅಂತ ಅಳೆಯೋದು.
ಪಾಯಿಂಟ್ ಎಂಟು ಬಂದಿದೆ."
"ಉಳಿದದ್ದು ಯಾರಿಗೆ ಕಂಡಿಲ್ಲ, ನಿನಗಾ ನನಗಾ?"

ಆ ಹಾಲಮ್ಮ ಕಸಬರಿಗೆ ಕೆಳಗಿಟ್ಟು
ತೆರೆಯ ಗುಡ್ಡಗಳನ್ನು ನೋಡಿದಳು.
"ಗಾಳಿ ಯಾ ಕಡಿಂದ ಬೀಸ್ತು ಅಂತ ಬರದೀ ಏನವ್ವ?"

ಬರೆದಿರಲಿಲ್ಲ.

ಶಾಲೆಯ ಹಿಂದೆ ಎರಡು ಓಣಿ ದಾಟಿದರೆ ಮಂಡಕ್ಕಿ ಭಟ್ಟಿ.
ಉಪ್ಪುನೀರು ಕುಡಿದ ಅಕ್ಕಿ ಕಾದ ಮರಳಲ್ಲಿ ಸಿಡಿಯುವ ವಾಸನೆ,
ಆ ಕಡೆಯ ಗಾಳಿಯಿದ್ದರೆ, ತರಗತಿಯೊಳಗೇ ಬಂದು ಕೂರುತ್ತದೆ.
ಅವನಪ್ಪ ಅಲ್ಲೇ, ಒಲೆಯ ಮುಂದೆ.

"ಯಾವ್ಯಾವ ದಿನ ಅಂತ ನನಗ ನೆನಪೈತಿ."
ಬೇಡ ಎಂದೆ. ನೆನಪು ಬಲು ನಂಬಿಗಸ್ತ ಸುಳ್ಳುಗಾರ;
ಬೇಕಾದ ದಿನಕ್ಕೆ ಬೇಕಾದ ಗಾಳಿ ಬೀಸಿಕೊಡುತ್ತದೆ.
ಹೊಸದಾಗಿ ಶುರು ಮಾಡಿದೆವು. ತಾರಸಿಯ ಕಂಬಿಗೆ ಹಳೇ ಸೀರೆಯ ಅಂಚು ಕಟ್ಟಿ,
ವಾಚ್‌ಮನ್ ರುದ್ರೇಶಿ ದಿಕ್ಕು ಬರೆಯಬೇಕು,
ಎಣಿಕೆ ಅವನಿಗೆ ತಿಳಿಯಬಾರದು, ದಿಕ್ಕು ನಮಗೆ ತಿಳಿಯಬಾರದು.
ಮೂಗು ಕಟ್ಟಿಕೊಳ್ಳುವುದು ಹೇಗೆ?
ಅದನ್ನೂ ಬರೆದಿಟ್ಟೆ, 'ಮಿತಿಗಳು' ಎಂಬ ಪುಟದಲ್ಲಿ.

ಇಪ್ಪತ್ತೈದು ದಿನ. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ
ಒಂದೊಂದು ಗುಡ್ಡ ಒಂದೊಂದು ಗಾಳಿಯದು.
ಪಿ ಮೌಲ್ಯ ಎಷ್ಟು ಸಣ್ಣದೆಂದರೆ
ಯಂತ್ರ ಬಾಯಿಬಿಟ್ಟು ಹೇಳಲು ನಾಚಿತು.

ಖೈರುನ್ನಿಸಾಗೆ ತೋರಿಸಿದೆ. ಚುಕ್ಕೆಗಳನ್ನು ಬೆರಳಲ್ಲಿ ಸವರಿ
ಬಹಳ ಹೊತ್ತಿನ ಮೇಲೆ ಅಂದಳು:
"ಅವರು ರಾತ್ರಿ ಮನೆಗೆ ಬಂದ್ರೆ ಇದೇ ವಾಸನೆ, ಮೇಡಂ.
ಇವನು ಎದ್ದು ಬಾಗಿಲಿಗೆ ಓಡ್ತಾನೆ."

ಇಲ್ಲಿ ವಾಸನೆ ಬರುತ್ತದೆ. ಬಾಗಿಲಲ್ಲಿ ಯಾರೂ ಬರುವುದಿಲ್ಲ.
ಇದೇ ಕಾರಣ ಎಂದು ನಾನು ಬರೆಯಲಾರೆ.
ಸಂಬಂಧ ಉಂಟು, ಎಂಬಲ್ಲಿಗೆ
ನನ್ನ ವಿದ್ಯೆ ಚಪ್ಪಲಿ ಬಿಟ್ಟು ಹೊಸ್ತಿಲಾಚೆ ನಿಲ್ಲುತ್ತದೆ.

ಉಳಿದದ್ದು ಒಂದು ಚುಕ್ಕೆ. ಹದಿನೇಳನೇ ತಾರೀಖು.
ಗಾಳಿ ಆ ಕಡೆಯದಲ್ಲ, ಭಟ್ಟಿಗೆ ಶುಕ್ರವಾರದ ರಜೆ ಬೇರೆ.
ಎಣಿಕೆ ಮೂವತ್ತೊಂದು.
ಗುಂಪಿಗೆ ಸೇರದ್ದು, ತೆಗೆಯಲೇ? ಎಂದು ಕೇಳುತ್ತದೆ ಯಂತ್ರ.

ಹಾಲಮ್ಮ ಬಾಟಲಿಯ ಬೀಜ ಅಂಗೈಗೆ ಸುರಿದುಕೊಳ್ಳುತ್ತ,
"ಅವತ್ತು ಅವನಿಗೆ ಸುಮ್ನ ಸಿಟ್ಟು ಬಂದಿತ್ತು.
ಬರಬಾರದೇನು?"